ಬೀಗದ ಕೈ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ದ್ಯಾವಪ್ಪ ಅಂತ ನನ್ನನ್ನು ಯಾರೂ ಕರೆಯಲ್ಲ,
ಬೀಗದವನು ಅಂತಾರೆ.
ತಕ್ಕಡಿ ಕೋಣೆ, ರಸೀದಿ ಕೋಣೆ, ಕಕ್ಕಸು, ಜನರೇಟರು:
ಹದಿನೇಳು ಬೀಗದ ಕೈ, ಒಂದು ದಾರ.

ಹದಿನೆಂಟನೆಯದು ಬಂದದ್ದು ಹೋದ ವರ್ಷದ ಆಷಾಢದಲ್ಲಿ.
ಯಾರೋ ಪುಣ್ಯಾತ್ಮರು ಕೊಟ್ಟ ಪೆಟ್ಟಿಗೆ,
ಊಟದ ಕ್ಯಾರಿಯರಿಗಿಂತ ಚೂರು ದೊಡ್ಡದು,
ಮೇಲೊಂದು ಹೃದಯ, ಅದರೊಳಗೊಂದು ಮಿಂಚು.
ತಾಳ ತಪ್ಪಿ ಅದುರುವ ಎದೆಗೆ ಏಟು ಕೊಟ್ಟು
ತಾಳಕ್ಕೆ ತರುತ್ತದಂತೆ.
"ಲಕ್ಷದ ಮಾಲು," ಅಂದರು ಸಾಹೇಬರು,
"ಕಳುವಾದರೆ ನಿನ್ನ ಸಂಬಳ."
ಬೀರುವಿನಲ್ಲಿಟ್ಟು ಬೀಗ ಜಡಿದೆ.
ಆಯುಧಪೂಜೆಗೆ ತೆಗೆದೆ: ವಿಭೂತಿ, ಕುಂಕುಮ, ಚೆಂಡುಹೂವು.
ಮತ್ತೆ ಜಡಿದೆ.

ತರಬೇತಿಗೆ ಬಂದವರು ಒಂಬತ್ತು ಜನ,
ಅದರಲ್ಲಿ ನಾಲ್ವರು ಬೋಂಡಾಕ್ಕೆ.
ನರ್ಸ್ ಎಸ್ತೇರಮ್ಮ ನೆಲದ ಮೇಲೆ ಮಲಗಿಸಿದಳು
ಕೈಯಿಲ್ಲದ ಕಾಲಿಲ್ಲದ ರಬ್ಬರಿನ ಮನುಷ್ಯನನ್ನ.
"ಇವರ್ಯಾರ ಕಡೆ ಬೀಗರು?" ಅಂದ ಹಮಾಲಿ ಯರ್ರಪ್ಪ.
ನಕ್ಕೆವು.
ಪಿಳ್ಳಮ್ಮ ಮಾತ್ರ, ಜಾಲರಿ ಗುಡಿಸುವವಳು,
ಸೆರಗು ಸಿಕ್ಕಿಸಿ, ಮಂಡಿಯೂರಿ
ಒತ್ತಿದಳು ಎರಡು ಅಂಗುಲ, ಬಿಟ್ಟಳು, ಒತ್ತಿದಳು,
ಒಕಟಿ, ರೆಂಡು, ಮೂಡು, ತೆಲುಗಿನಲ್ಲೇ ಎಣಿಸುತ್ತಾ,
ಬೊಂಬೆಯ ಎದೆ ಟಿಕ್ ಅನ್ನುವ ತನಕ.

ಕಾರ್ತಿಕದ ಒಂದು ಬೆಳಗು.
ರೀಲರ್ ಅಮಾನುಲ್ಲಾ ಸಾಬರು
ಒಂದು ಹಿಡಿ ಗೂಡು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು.
ಒಳಗಿನ ಹುಳ ಗಟ್ಟಿಯೋ, ಕರಗಿತೋ,
ಸದ್ದಿನಲ್ಲೇ ತಿಳಿಯುತ್ತಿದ್ದರು.
ನಲವತ್ತು ವರ್ಷ ಆ ಕಿವಿ ಸುಳ್ಳು ಹೇಳಿದ್ದಿಲ್ಲ.
ಹಾಗೇ ಬಿದ್ದರು, ಜಾಲರಿಯ ಮೇಲೆ.
ಹಳದಿ ಗೂಡು ನೆಲದ ತುಂಬ ಉರುಳಿತು.

ನಾನು ರಸ್ತೆಯಾಚೆ ಟೀ ಹೀರುತ್ತಿದ್ದೆ.
ನನ್ನ ಸೊಂಟದಲ್ಲಿ ಹದಿನೆಂಟು ಕೈ.
ಪಿಳ್ಳಮ್ಮನಿಗೆ ಇದ್ದದ್ದು ಎರಡು.

ಅವರು ಕೂಗಿದ್ದು ನನ್ನನ್ನೋ, ಬೀಗವನ್ನೋ,
ಈಗಲೂ ಗೊತ್ತಿಲ್ಲ.
ಓಡಿದೆ. ಐದು ಕೈ ತಪ್ಪಾಗಿ ತೂರಿಸಿದೆ.
ಆರನೆಯದಕ್ಕೆ ಬಾಗಿಲು ತೆರೆಯಿತು.
ಅಷ್ಟು ಹೊತ್ತೂ ಅವಳು ಒತ್ತುತ್ತಲೇ ಇದ್ದಳು,
ಇರವೈ ತೊಮ್ಮಿದಿ, ಮುಪ್ಪೈ,
ಮೂಗಿನ ತುದಿಯ ಬೆವರು ಸಾಬರ ಅಂಗಿಗೆ ಬೀಳುತ್ತಿತ್ತು.
ಪೆಟ್ಟಿಗೆ ಬಿಚ್ಚಿದರೆ ಇಂಗ್ಲಿಷಿನಲ್ಲಿ ಮಾತಾಡಿತು.
ಮುಟ್ಟಬೇಡಿ ಅಂತಂತೆ. ನೋಡ್ತಿದೀನಿ ಅಂತಂತೆ.
ಆಮೇಲೆ, ಏಟು ಬೇಡ ಅಂತಂತೆ.
ಓದಿದ ಹುಡುಗನೊಬ್ಬ ಅರ್ಥ ಹೇಳಿದ.
"ಬೇಡ ಅಂದರೆ ಒಳ್ಳೇದೇ ಅಲ್ವಾ?" ಅಂದೆ ನಾನು.

ಎಸ್ತೇರಮ್ಮ ಮಣ್ಣು ಮುಗಿಸಿ ಬಂದ ಮೇಲೆ ತಿಳಿಸಿದಳು.
ಅದುರುವುದೂ ನಿಂತುಹೋದ ಎದೆಗೆ
ಅದರ ಏಟು ತಾಕದಂತೆ.
ನಿಮಿಷ ನಿಮಿಷಕ್ಕೂ ಅದುರು ಕರಗುತ್ತದಂತೆ.
ನನ್ನ ಟೀ ಎಷ್ಟು ನಿಮಿಷದ್ದು, ನಾನು ಕೇಳಲಿಲ್ಲ.
ಅವಳೂ ಹೇಳಲಿಲ್ಲ.

ಈಗ ಪೆಟ್ಟಿಗೆ ನೀರಿನ ನಲ್ಲಿಯ ಪಕ್ಕ, ಗೋಡೆಯಲ್ಲಿ.
ಬಾಗಿಲಿದೆ, ಬೀಗವಿಲ್ಲ.
"ಕಳುವಾದರೆ?" ಅಂತ ಗದರಿದರು ಸಾಹೇಬರು.
"ಸಂಬಳ ಹಿಡ್ಕೊಳ್ಳಿ ಸಾರ್."
ಅದು ಇಂಗ್ಲಿಷಿನಲ್ಲಿ ಏನು ಹೇಳುತ್ತೆ ಅನ್ನೋದನ್ನ
ಕನ್ನಡ, ತೆಲುಗು, ಉರ್ದುವಿನಲ್ಲಿ ಬರೆದು ಅಂಟಿಸಿದೆ.
ಸಾಬರ ಮಗಳ ಅಕ್ಷರ.
ತಿಂಗಳಿಗೊಮ್ಮೆ ರಬ್ಬರಿನ ಬೀಗರು ಬರುತ್ತಾರೆ.
ಬೋಂಡಾ ಇಲ್ಲ, ಆದರೂ ಜನ ಸೇರುತ್ತಾರೆ, ಒಂದಷ್ಟು.
ಯರ್ರಪ್ಪ ಇನ್ನೂ ನಗುತ್ತಾನೆ, ಒತ್ತುತ್ತಲೇ.
ಮೂವತ್ತು ಮುಟ್ಟುವಷ್ಟರಲ್ಲಿ ನನಗೆ ಏದುಸಿರು,
"ಸರಿಯಣ್ಣ ಅತ್ಲಾಗೆ" ಅಂತ ಪಿಳ್ಳಮ್ಮ ಜಾಗ ಕಸಿಯುತ್ತಾಳೆ.

ಬೀರು ಗುಜರಿಗೆ ಹೋಯಿತು.
ಹದಿನೆಂಟನೆಯ ಕೈ ದಾರದಲ್ಲೇ ಇದೆ.
ಬೆಳಗ್ಗೆ ಐದಕ್ಕೆ ಬಂದವನು ಮೊದಲು ಅಲ್ಲಿಗೇ ಹೋಗುತ್ತೇನೆ.
ಹಸಿರು ದೀಪ ಮಿಣುಕುತ್ತಿರುತ್ತದೆ.
ಗೂಡಿನ ನವಿರು ಹಾರಿ ಬಂದು ಅಂಟಿರುತ್ತದೆ,
ಒರೆಸುತ್ತೇನೆ.
ಯಾರೂ ಇಲ್ಲದಾಗ, ಒಮ್ಮೊಮ್ಮೆ,
ಕಿವಿಯಿಟ್ಟು ಕೇಳುತ್ತೇನೆ.