ಬಾಲ ನೆಟ್ಟಗಾಗುವ ಮೊದಲು

ಹತ್ತು ತಿಂಗಳ ಪ್ರಾಯ, ಇಪ್ಪತ್ತೆಂಟು ಕಿಲೋ.
ಹೆಸರು ಕ್ಲೊಪ್ಸ್: ನಮ್ಮಲ್ಲಿ ಮಾಂಸದುಂಡೆಗೆ ಹಾಗನ್ನುತ್ತಾರೆ.
ಇಟ್ಟಾಗ ಅಂಗೈಯಲ್ಲಿ ಹಿಡಿಸುತ್ತಿದ್ದ.
ಈಗ ಪಾರ್ಕಿನ ಗೇಟು ಕಿರುಗುಟ್ಟಿದರೆ ಸಾಕು,
ಬೆಂಚಿನ ಹೆಂಗಸರು ತಂತಮ್ಮ ನಾಯಿಗಳನ್ನು
ಉಕ್ಕುವ ಹಾಲಿನ ಪಾತ್ರೆಯ ಹಾಗೆ
ಗಡಬಡಿಸಿ ಎತ್ತಿಕೊಳ್ಳುತ್ತಾರೆ.

ಕೆಟ್ಟವನಲ್ಲ. ಎಲ್ಲ ತಾಯಂದಿರೂ ಹೀಗೇ ಹೇಳುತ್ತಾರೆ,
ಗೊತ್ತು. ಆದರೂ ಹೇಳುತ್ತೇನೆ.
ಅವನಿಗೆ ಆಟವೆಂದರೆ ಢಿಕ್ಕಿ.
ಎದೆಯಿಂದ ಗುದ್ದಿ, ಉರುಳಿಸಿ, ಕತ್ತಿನ ಮೇಲೆ ಕಾಲೂರಿ
ಯಾಕೆ ಆಡುತ್ತಿಲ್ಲ ಎಂದು
ನಿಜಕ್ಕೂ ತಿಳಿಯದೆ ಕೇಳುವ ಮುಖ.

ಹೋದ ಗುರುವಾರ ತೆಯೊಫಿಲಾಳ ಗಿಡ್ಡಕಾಲಿನ ಇಸ್ಕ್ರಾ
ಚೆಸ್ಟ್‌ನಟ್ ಎಲೆಯ ರಾಶಿಯಲ್ಲಿ ಮಗುಚಿಬಿದ್ದು ಕೂಗಿದ್ದು
ರಾತ್ರಿ ಪಾಳಿ ಮುಗಿಸಿ ಮಲಗಿದರೂ ಕಿವಿಯಲ್ಲೇ ಇತ್ತು.
ಗಾಯವಾಗಿಲ್ಲ ಎಂದು ನಾನು ಮೂರು ಸಲ ಹೇಳಿದೆ.
ಆಕೆ ಒಂದು ಸಲವೂ ಹೇಳಲಿಲ್ಲ.

ಅಲ್ಲಿಂದ ಹಗ್ಗ ಗಿಡ್ಡ ಮಾಡಿದೆ. ಕಿರುಚಿದೆ. ಜಗ್ಗಿದೆ.
ಜಗ್ಗಿದಷ್ಟೂ ಅವನ ಎದೆ ಉಬ್ಬಿತು.
ಎದುರಿಗೆ ನಾಯಿ ಬಂದರೆ ಕತ್ತು ಬಿಗಿಯುತ್ತದೆ,
ಬೆನ್ನ ಹಿಂದೆ ಒಡತಿ ಹುಚ್ಚಿಯಾಗುತ್ತಾಳೆ:
ಅವನು ಕಲಿತ ಪಾಠ ಇಷ್ಟೇ.
ಕಲಿಸಿದವಳು ನಾನು.

ಇಪ್ಪತ್ತಮೂರು ವರ್ಷ ಈ ಊರಲ್ಲಿ ಟ್ರ್ಯಾಮ್ ಓಡಿಸಿದವಳು.
ವೂಚ್ ಎಂದರೆ ದೋಣಿ; ನದಿಗಳನ್ನೆಲ್ಲ
ಗಿರಣಿಗಳ ಕಾಲದಲ್ಲೇ ನೆಲದಡಿ ಮುಚ್ಚಿದ್ದಾರೆ.
(ಕೆಲವು ಬೀದಿಗಳಲ್ಲಿ ಕ್ಲೊಪ್ಸ್ ಸುಮ್ಮನೆ ನಿಂತು
ಕಲ್ಲುಹಾಸಿಗೆ ಕಿವಿಗೊಡುತ್ತಾನೆ.)
ನವೆಂಬರಿನಲ್ಲಿ ಒದ್ದೆಎಲೆ ಬಿದ್ದ ಹಳಿ ಸೋಪಿನಂತೆ ಜಾರುತ್ತದೆ.
ನಿಲ್ದಾಣ ಬಂದ ಮೇಲೆ ಬ್ರೇಕ್ ಹಿಡಿದವರು
ನಿಲ್ದಾಣ ದಾಟಿಯೇ ನಿಲ್ಲುವುದು.
ಎರಡು ಕಂಬ ಮೊದಲೇ ಹಿಡಿಯಬೇಕು.
ಹೊಸ ಹುಡುಗರಿಗೆ ಹೇಳಿಕೊಟ್ಟವಳು ನಾನೇ,
ನಾಯಿಯ ವಿಷಯಕ್ಕೆ ಬಂದರೆ
ಗುದ್ದಿದ ಮೇಲೆ ಗಂಟೆ ಬಾರಿಸುತ್ತಿದ್ದೆ.

ತಿದ್ದಿದವನು ಜ಼ೆನೊನ್. ಮಗ್ಗಗಳ ಸದ್ದಿಗೆ
ಕಿವಿ ಒಪ್ಪಿಸಿ ನಿವೃತ್ತನಾದ ಮುದುಕ.
'ನೀನು ಅವನ ಗುರುಗುರು ಕೇಳಿಸಿಕೊಂಡು ಓಡುತ್ತೀ,
ಅದಕ್ಕೇ ತಡವಾಗುತ್ತದೆ.
ನನಗೆ ಕೇಳಿಸುವುದಿಲ್ಲ. ನೋಡುತ್ತೇನೆ.'

ನೋಡಿದೆ.
ಮೊದಲು ಬಾಯಿ ಮುಚ್ಚಿಕೊಳ್ಳುತ್ತದೆ,
ಜೋತ ನಾಲಿಗೆ ಒಳಗೆ ಹೋಗುತ್ತದೆ.
ಉಸಿರು ಒಂದು ಕ್ಷಣ ಕಾಣೆ.
ಆಮೇಲೆ ಬಾಲ.
ನಾಯಿ ಬಾಲ ಡೊಂಕೆಂದು ಆಡಿಕೊಳ್ಳುವವರು ಆಡಿಕೊಳ್ಳಲಿ,
ಡೊಂಕಾಗಿರುವ ತನಕ ನನಗೆ ನೆಮ್ಮದಿ.
ನೆಟ್ಟಗಾದರೇ ಭಯ.
ಬಾಯಿಗೂ ಬಾಲಕ್ಕೂ ನಡುವೆ
ಎರಡು ಕಂಬದಷ್ಟು ಜಾಗವಿದೆ. ನನಗಿರುವುದು ಅಷ್ಟೇ.

ಅಷ್ಟರೊಳಗೆ ಹೆಸರು ಕರೆಯಬೇಕು, ಊಟಕ್ಕೆ ಕರೆದ ಹಾಗೆ,
ಬೈದ ಹಾಗಲ್ಲ. ತಿರುಗಿದರೆ ಬೇಯಿಸಿದ ಲಿವರ್.
ತಿರುಗದಿದ್ದರೆ ಮಾತಿಲ್ಲದೆ ಗೇಟಿನಾಚೆ,
ಇಬ್ಬರೂ ನೂರು ಎಣಿಸಿ ಮತ್ತೆ ಒಳಗೆ.
ಸಮವಸ್ತ್ರದ ಬಲಜೇಬು ನಾರುತ್ತದೆ;
ಹತ್ತನೇ ನಂಬರಿನಲ್ಲಿ ಪ್ರಯಾಣಿಕರು ಮೂಗು ಮುರಿಯುತ್ತಾರೆ.

ಜ಼ೆನೊನ್‌ನ ಮುದಿ ಫ್ರೀಡಾಳಿಗೆ ಇದೊಂದೂ ಬೇಡ.
ಇವನು ಹಾರಿ ಬಂದರೆ ಪಕ್ಕಕ್ಕೆ ಸರಿದು
ತುಟಿಯ ಒಂದು ಮೂಲೆ ಎತ್ತುತ್ತಾಳೆ, ತಟ್ಟೆಯಂಚಿನಷ್ಟು.
ಇಪ್ಪತ್ತೆಂಟು ಕಿಲೋ ನೆಲಕ್ಕೆ ಹೊಟ್ಟೆ ಹಚ್ಚಿ ತೆವಳುತ್ತದೆ.
ನನಗೆ ಅಂಥ ತುಟಿಯಿಲ್ಲವಲ್ಲ ಎಂದು
ಸ್ವಲ್ಪ ಹೊಟ್ಟೆಕಿಚ್ಚು.

ನಿನ್ನೆ ಎರಡು ಸಲ ತಿರುಗಿದ, ಒಂದು ಸಲ ಇಲ್ಲ.
ಆ ಒಂದು ಸಲಕ್ಕೆ ಪಾರಿವಾಳಗಳೂ ಸಾಕ್ಷಿ.
ಇವತ್ತು ಮಂಜು; ಬೆಂಚಿನಲ್ಲಿ ತೆಯೊಫಿಲಾ ಒಬ್ಬಳೇ,
ಮಡಿಲ ಕೋಟಿನೊಳಗೆ ಇಸ್ಕ್ರಾ.
ಕ್ಲೊಪ್ಸ್ ನೋಡಿದ. ಬಾಯಿ ಮುಚ್ಚಿತು.
ಕರೆದೆ.
ನನ್ನ ದನಿ ನನಗೇ ಗುರುತು ಸಿಗಲಿಲ್ಲ, ಅಷ್ಟು ಮೆತ್ತಗೆ.
ಕತ್ತು ಬಂತು, ಆಮೇಲೆ ಭುಜ,
ಕೊನೆಗೆ ಮನಸ್ಸಿಲ್ಲದ ಹಿಂಗಾಲು.

ಆಕೆ ಇಸ್ಕ್ರಾಳನ್ನು ಕೆಳಗಿಳಿಸಲಿಲ್ಲ.
ಇಳಿಸುತ್ತಾಳೆಂದು ನಾನೂ ಕಾಯಲಿಲ್ಲ.
ಕೋಟಿನ ಒಂದು ಗುಂಡಿ ಬಿಚ್ಚಿದಳು ಅಷ್ಟೇ,
ಒಳಗಿದ್ದ ಮೂತಿಗೆ
ನಮ್ಮ ಕಡೆ ಕಾಣುವ ಹಾಗೆ.