ಎಣ್ಣೆ ಬಂದಾಗ

ಟಾರ್ಚ್ ಹಿಡಿಯುವುದೂ ಒಂದು ಕಸುಬು ಎಂದು
ನನಗೆ ಗೊತ್ತಾದದ್ದು ಹೆಲ್ಯು ಅತ್ತೆಯ ದೋಣಿಯಲ್ಲಿ.
ನಾನು ನೋಡುವಲ್ಲಿಗಲ್ಲ,
ಅವಳು ನೋಡುವಲ್ಲಿಗೆ ಬೀಳಬೇಕು ಬೆಳಕು.
"ಎಲ್ಲಿಟ್ಟಿದ್ದೀಯೆ ಕಣ್ಣು? ಕಡಲಹಕ್ಕಿ ಎಣಿಸ್ತಿದ್ದೀಯಾ?"

ಕಿಹ್ನು ದ್ವೀಪ. ಹಿಮ ಒಡೆದು ಹದಿನೈದು ದಿನ.
ರೈಮ್ ಮೀನು ದಡಕ್ಕೆ ಬರುತ್ತಿದೆಯೆಂದು
ಊರಿನ ಬಲೆಯೆಲ್ಲ ನೀರಿಗಿಳಿದಿತ್ತು,
ನಮ್ಮದು ಇನ್ನೂ ಕೊಟ್ಟಿಗೆಯ ಗೂಟದಲ್ಲಿ.
ಟ್ರ್ಯಾಕ್ಟರಿನಿಂದ ಕಿತ್ತು ತಂದ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್
ದಿನಕ್ಕೊಂದು ಲೋಟ ಎಣ್ಣೆ ಕುಡಿದು
ಎಲ್ಲಿಂದಲೋ ಕಕ್ಕುತ್ತಿತ್ತು.
ದೋಣಿಯ ತಳದಲ್ಲಿ ನಿಂತ ನೀರಿನ ಮೇಲೆ
ನೊಣದ ರೆಕ್ಕೆಯ ಬಣ್ಣ.

ಎಂಡೆಲ್ ಬಂದು ಬಗ್ಗಿ ನೋಡಿದ:
"ಹಿಂದಿನ ಸೀಲ್ ಹೋಗಿದೆ. ಎಂಜಿನ್ ಎತ್ತಬೇಕು.
ಪ್ಯಾರ್ನುವಿನಿಂದ ಕ್ರೇನ್ ಬರಬೇಕು, ಹಡಗಿನ ಬಾಡಿಗೆ ಬೇರೆ."
ಊಲೊ ಬೆರಳದ್ದಿ ಮೂಸಿದ: "ತಳದ ಗ್ಯಾಸ್ಕೆಟ್."
ಮೂರನೆಯವನು ದೋಣಿಗೇ ಇಳಿಯಲಿಲ್ಲ,
ಕಟ್ಟೆಯ ಮೇಲಿಂದ ಹೊಗೆ ಬಿಡುತ್ತ ಹೇಳಿದ:
"ವಯಸ್ಸಾಯ್ತು, ಸೋರುತ್ತೆ. ನಾನೂ ಸೋರ್ತೀನಿ."

ಅತ್ತೆ ಮೂವರಿಗೂ ಕಾಫಿ ಕೊಟ್ಟಳು.
ಯಾರಿಗೂ ಉತ್ತರ ಕೊಡಲಿಲ್ಲ.
ಅವರ ಬೂಟಿನ ಸದ್ದು ದೂರವಾದ ಮೇಲೆ
"ಹನಿ ಬಿದ್ದ ಕಡೆಯೇ ಗಾಯ ಅಂದ್ಕೊಂಡಿದ್ದಾರೆ,
ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ" ಎಂದು
ತೋಳು ಮಡಚಿದಳು.

ಆಮೇಲೆ ತೊಳೆದದ್ದೇ ತೊಳೆದದ್ದು.
ಡೀಸೆಲ್ಲಿನಲ್ಲಿ ಅದ್ದಿದ ಚಿಂದಿ, ಹಳೆಯ ಹಲ್ಲುಜ್ಜುವ ಬ್ರಶ್,
ಬೋಲ್ಟಿನ ಸುತ್ತ, ಕೊಳವೆಯ ಸಂದಿಗೊಂದಿ,
ಇಪ್ಪತ್ತು ವರ್ಷದ ಜಿಡ್ಡಿನಡಿಯಿಂದ
ಹಸಿರು ಬಣ್ಣವೊಂದು ಎದ್ದು ಬಂತು.
ಈ ಎಂಜಿನ್ ಹಸಿರೆಂದು ನನಗೆ ಗೊತ್ತೇ ಇರಲಿಲ್ಲ.

ಪೌಡರ್ ಬೇಕಿತ್ತು, ಮನೆಯಲ್ಲಿ ಇರಲಿಲ್ಲ.
ಅಡುಗೆಮನೆಯಿಂದ ಜರಡಿ ತಂದು
ರೈ ಹಿಟ್ಟನ್ನೇ ಉದುರಿಸಿದಳು ಅದರ ಮೇಲೆ,
ಅಡಿಯಲ್ಲಿ ಬಿಳಿ ಕಾಗದ ಹಾಸಿ
ಹ್ಯಾಂಡಲ್ ತಿರುಗಿಸಿದಳು.
ಡುಗು ಡುಗು, ಡುಗು ಡುಗು.
ಬಿಸಿಯೇರುತ್ತ ದೋಣಿಯ ಹೊಟ್ಟೆಯಲ್ಲಿ
ರೊಟ್ಟಿ ಬೇಯುವ ವಾಸನೆ.
ಹೊಗೆಗೆ ನನ್ನ ಕಣ್ಣು ಉರಿದು ಮುಚ್ಚಿತು.
"ಎಣ್ಣೆ ಬಂದಾಗ ಕಣ್ಣು ಮುಚ್ತಾರೇನೆ! ಹಿಡಿ ಇಲ್ಲಿ!"

ಹಿಟ್ಟಿನಲ್ಲಿ ಒಂದು ಕಪ್ಪು ಎಳೆ.
ಹಿಂದಿನಿಂದಲ್ಲ, ತಳದಿಂದಲ್ಲ,
ಮೇಲಿಂದ, ಎಲ್ಲಕ್ಕಿಂತ ಮೇಲಿಂದ:
ಎಣ್ಣೆಯ ಒತ್ತಡ ತೋರಿಸುವ ಮುಳ್ಳಿಗೆ
ಸುದ್ದಿ ಒಯ್ಯುವ ತಾಮ್ರದ ಸಪೂರ ಕೊಳವೆ.
ಕಬ್ಬಿಣದ ಅಂಚಿಗೆ ಉಜ್ಜಿ ಉಜ್ಜಿ
ಸೂಜಿಮೊನೆಯಷ್ಟು ತೂತು.
ಅಲ್ಲಿಂದ ಹೊರಟ ಎಣ್ಣೆ ಬ್ಲಾಕಿನ ಬೆನ್ನು ಹಿಡಿದು ಹರಿದು,
ಹಿಂದಿನ ಚಕ್ರದ ಗಾಳಿಗೆ ಚದುರಿ
ತನಗೆ ಸಂಬಂಧವಿಲ್ಲದ ಕಡೆ ತೊಟ್ಟಿಕ್ಕುತ್ತಿತ್ತು.

ಕೊಳವೆಯನ್ನು ಅಂಚಿನಿಂದ ದೂರ ಎಳೆದು ಕಟ್ಟಿದ್ದ ಬಲೆಯ ದಾರ
ಕೊಳೆತು ತುಂಡಾಗಿತ್ತು. ಗಂಟು ಮಾತ್ರ ಇತ್ತು.
ಎಡಗೈಯವನು ಹಾಕಿದ ಗಂಟು, ಸುರುಳಿ ಉಲ್ಟಾ.
ನಮ್ಮ ಬಂದರಿನಲ್ಲಿ ಹಾಗೆ ಹಾಕುತ್ತಿದ್ದವನು ಒಬ್ಬನೇ.

ಅತ್ತೆ ಎಂಜಿನ್ ನಿಲ್ಲಿಸಿದಳು.
ಟಾರ್ಚನ್ನು ನಾನು ಅವಳ ಮುಖಕ್ಕೆ ಹಿಡಿಯಲಿಲ್ಲ,
ಅಷ್ಟು ಕಲಿತಿದ್ದೆ.
ಲಂಗದ ಮೇಲೆ ಬಿತ್ತು ಬೆಳಕು:
ಮೂರು ವರ್ಷ ಬರೀ ಕಪ್ಪು, ನೀಲಿ ಪಟ್ಟೆ,
ಈ ವಸಂತದಲ್ಲಷ್ಟೇ ನೇಯ್ದ ಬೆರಳಗಲ ಕೆಂಪು,
ಅದರ ಮೇಲೇ ಎಣ್ಣೆಯ ಕಲೆ.
"ಕಪ್ಪಿನ ಮೇಲೆ ಬಿದ್ದಿದ್ರೆ ಕಾಣ್ತಿರಲಿಲ್ಲ" ಎಂದಳು.

ರಾತ್ರಿ ಒಲೆಯ ಪಕ್ಕ ಕೂತು ಕೊಳವೆಗೆ ಬೆಸುಗೆ ಹಾಕಿದಳು.
ಹೊಸ ದಾರ ಕಟ್ಟಿದಳು, ಬಲಗೈಯ ಗಂಟು.
ಹಳೆಯದು ಏಪ್ರನ್ನಿನ ಜೇಬಿಗೆ ಹೋದದ್ದನ್ನು ಕಂಡೆ,
ಹೊರಗೆ ಬಂದದ್ದನ್ನು ಕಾಣೆ.

ಮರುದಿನ ಬಲೆ ಬಿಟ್ಟು ಬಂದ ಮೇಲೆ
ಅಡಿಯ ಕಾಗದವನ್ನು ಎಳೆದು ನೋಡಿದೆವು.
ಒಂದು ಹನಿ ಇತ್ತು.
"ಅದು ಹಳೇದು" ಎಂದಳು.
ಇರಬಹುದು.