ಅರವತ್ನಾಲ್ಕು ಚೀಲ

ಜಲಂಧರದಿಂದ ಹಾಸನಕ್ಕೆ ಬಿತ್ತನೆ ಆಲೂಗಡ್ಡೆ ತರುವ ಲಾರಿಗೆ
ಬೆಂಕಿಪೊಟ್ಟಣದಷ್ಟು ಒಂದು ಪೆಟ್ಟಿಗೆ ಕಟ್ಟಬೇಕು ಅಂದರು.
ದಾರಿಯಲ್ಲಿ ಎಷ್ಟು ಬಿಸಿ ತಾಗಿತು, ಎಷ್ಟು ಹೊತ್ತು ತಾಗಿತು,
ಅಷ್ಟೇ ಅದು ಹೇಳಬೇಕಾದ್ದು,
ಅದೂ ಕೇಳಬೇಕಾದವರಿಗೆ ಮಾತ್ರ.
ಲಾರಿಗಿಂತ ಮೊದಲು ದಲ್ಲಾಳಿಗೆ ಸುದ್ದಿ ಮುಟ್ಟಿದರೆ
ಗೇಟು ದಾಟುವುದರೊಳಗೆ ರೇಟು ಬಿದ್ದಿರುತ್ತದೆ.

ಒಳಗೆ ನಾಣ್ಯದಗಲದ ಬ್ಯಾಟರಿ.
ದೊಡ್ಡ ಬೀಗ ತಿರುಗಿಸಲು ಅದರಲ್ಲಿ ಕಸುವಿಲ್ಲ.
ಹಗುರದ ಬೀಗ ಬೇಕು: ಅರವತ್ನಾಲ್ಕು ಬಿಟ್, ಮೂವತ್ತೊಂದು ಸುತ್ತು,
ಸುತ್ತು ಸುತ್ತಿಗೂ ಬಿಟ್‌ಗಳು ಜಾಗ ಬದಲಿಸಬೇಕು.
ಅದನ್ನು ಚಿಪ್‌ನಲ್ಲೇ ಕೊರೆಯುವುದೋ, ಕೋಡಿನಲ್ಲಿ ಬರೆಯುವುದೋ,
ಹೋಲಿಸಿ ಕೊಡಿ ಮೇಡಂ, ಎರಡು ಪುಟ ಸಾಕು, ಅಂದರು ಪ್ರಿನ್ಸಿಪಾಲರು.

ಎರಡೂ ಪುಟ ನನಗೆ ಸಿಕ್ಕಿದ್ದು ಎಪಿಎಂಸಿ ಯಾರ್ಡಿನಲ್ಲಿ.

ತಿಮ್ಮಾಬೋವಿ ಬೆನ್ನಿಗೆ ಚೀಲ ಏರಿಸಿಕೊಂಡು
ಲಾರಿಯಿಂದ ತಕ್ಕಡಿಗೆ, ತಕ್ಕಡಿಯಿಂದ ಅಟ್ಟಿಗೆ,
ಒಂದಿಟ್ಟು ಬಂದು ಇನ್ನೊಂದು.
ಕೋಡು ಎಂದರೆ ಇದೇ.
ಪುಟ್ಟ ಪ್ರೊಸೆಸರ್ ಒಂದೊಂದೇ ಬಿಟ್ ಎತ್ತಿ, ಸರಿಸಿ,
ಮತ್ತೊಂದರ ಪಕ್ಕಕ್ಕೆ ಇಳಿಸಿ,
ಮೂವತ್ತೊಂದು ಸಲ ಲಾರಿ ಖಾಲಿ ಮಾಡುತ್ತದೆ, ಮತ್ತೆ ತುಂಬುತ್ತದೆ.

ಆಚೆ ಬದಿಗೆ ತಗಡು ಹೊಡೆದ ಜಾರುಹಲಗೆ, ಸಾಲಾಗಿ ಎಂಟು.
ತಳ್ಳಿದರೆ ಸಾಕು, ಒಟ್ಟಿಗೇ ಎಲ್ಲ ತಂತಮ್ಮ ಜಾಗಕ್ಕೆ.
ಚಿಪ್‌ನಲ್ಲೂ ಹಾಗೆ, ಜಾಗ ಬದಲಿಸಲು ಕೂಲಿಯೇ ಇಲ್ಲ:
ತಂತಿಯ ಈ ತುದಿ ಇಲ್ಲಿ, ಆ ತುದಿ ಅಲ್ಲಿ.
ಹಲಗೆಯೇ ಗೆದ್ದಿತು ಎಂದು ಬರೆದುಕೊಂಡೆ.

ಹತ್ತೂವರೆಗೆ ಮಂಡಿಯವನು ಬಂದು ಕೂಗಿದ:
ಇಲ್ಲಿ ಬ್ಯಾಡ, ಮೂಲೆ ಗೋದಾಮಿಗೆ ಇಳಿಸ್ರೋ.
ತಿಮ್ಮಾಬೋವಿ ನಿಂತಲ್ಲೇ ತಿರುಗಿದ.
ಹಲಗೆ ತಿರುಗಲಿಲ್ಲ. ಮೊಳೆ ಕೀಳಲು ಬಡಗಿಗೆ ಫೋನು ಹೋಯಿತು.
ಚಿಪ್‌ಗೆ ಆ ಬಡಗಿಯೂ ಇಲ್ಲ;
ತಪ್ಪಿದ್ದರೆ ಬಿಸಾಡಿ ಹೊಸದಕ್ಕೆ ಕಾಯಬೇಕು.
ಬರೆದದ್ದನ್ನು ಹೊಡೆದುಹಾಕಿದೆ.

ತಕ್ಕಡಿ ಪಕ್ಕದಲ್ಲಿ ಚೌಡಯ್ಯ, ಎರಡೂ ಕಣ್ಣಿಗೆ ಪೊರೆ.
ತಿಮ್ಮಾಬೋವಿ ಇನ್ನೂ ನಾಲ್ಕು ಮಾರು ದೂರದಲ್ಲಿರುವಾಗಲೇ
“ನಲವತ್ತೊಂಬತ್ತೂವರೆ” ಅಂದ.
ತಕ್ಕಡಿಯೂ ಅದನ್ನೇ ಅಂದಿತು.
ಹೇಗೆ ಚೌಡಯ್ಯ?
“ಹೊತ್ತೋನ ಉಸಿರು ಸುಳ್ಳು ಹೇಳಲ್ಲ ಕಣವ್ವ.”
ಮತ್ತೆ ಜಾರುಹಲಗೆ?
“ಅದು ಎಲ್ಲಾನೂ ಒಟ್ಟಿಗೆ ದಡದಡ ಅಂತದೆ, ಯಾವ್ದು ಯಾವ್ದೋ.
ಹಂಗಂತ ಮೂಕಿ ಅಲ್ಲ ಅದೂವೆ.
ದಿನಾ ಕೂತು ಕೇಳುದ್ರೆ ಕಲ್ತ್ಕಬೌದು.”

ರಾತ್ರಿ ಲ್ಯಾಬಿನಲ್ಲಿ ಆಸಿಲೋಸ್ಕೋಪಿನ ಹಸಿರು ಗೆರೆ.
ನಾನೇ ಬರೆದ ಕೋಡು ಚೀಲ ಹೊರುತ್ತಿದೆ.
ಒಂದುಗಳು ಹೆಚ್ಚಿದ್ದಲ್ಲಿ ಗೆರೆಯ ಎದೆ ಉಬ್ಬುತ್ತದೆ,
ಬರೀ ಸೊನ್ನೆಯಿದ್ದಲ್ಲಿ ಇಳಿಯುತ್ತದೆ.
ಮುನ್ನೂರನೇ ಉಸಿರಿಗೆ
ಕೀಲಿಯ ಮೊದಲ ನಾಲ್ಕು ಬಿಟ್ ನನ್ನ ನೋಟ್‌ಬುಕ್ಕಿನಲ್ಲಿತ್ತು.
ಬೀಗ ಮುಟ್ಟಿರಲಿಲ್ಲ ನಾನು.
ಪಕ್ಕದಲ್ಲಿ ಕೂತಿದ್ದೆ ಅಷ್ಟೆ.

ಕೋಷ್ಟಕ ಸಿದ್ಧವಾಗಿದೆ:
ಗೇಟು ಇಷ್ಟು, ಮೆಮೊರಿ ಇಷ್ಟು, ಬ್ಯಾಟರಿ ಇಷ್ಟು ದಿನ.
ಚೌಡಯ್ಯನಿಗೆ ಅದರಲ್ಲಿ ಕಾಲಂ ಇರಲಿಲ್ಲ.
ಸ್ಕೇಲಿಟ್ಟು ಒಂದು ಗೆರೆ ಎಳೆದೆ,
ತಲೆಬರಹಕ್ಕೆ ಪದ ಸಿಗದೆ ಖಾಲಿ ಬಿಟ್ಟೆ.

ಪೆನ್ನಿಗಾಗಿ ಡ್ರಾಯರ್ ಎಳೆದರೆ
ಯಾರ್ಡಿನಿಂದ ಎಂದೋ ತಂದು ಮರೆತ ಗಡ್ಡೆ,
ಕತ್ತಲಲ್ಲಿ ಐದು ಕಣ್ಣು ಬಿಟ್ಟಿತ್ತು.
ಬಿತ್ತನೆಗೆ ಸರಿಯಾಗಿದೆ.